ಬೆಂಕಿ ನೀರು ನಿಂತ ಮನೆ

"ಇದಕ್ಕೆ ತಲೆ ಯಾವ್ದು, ಕಾಲು ಯಾವ್ದು, ಅಷ್ಟು ಹೇಳ್ರೋ ಮೊದ್ಲು. ಎತ್ಲಾಗಿಂದ ಹಿಡೀಬೇಕು ಇದನ್ನ?"

"ಎತ್ಲಾಗಿಂದ ಹಿಡಿದ್ರೂ ಅಷ್ಟೇ ಮಾರಾಯ. ಮಾಡ್ದವನಿಗೇ ಗೊತ್ತಿರ್ಲಿಲ್ಲ."

ನಾಲ್ಕು ಜನ ಸೇರಿ ಆಳೆತ್ತರದ ತಾಮ್ರದ ಆಕೃತಿಯೊಂದನ್ನು ಮನೆಗೆ ಅಂಟಿಕೊಂಡ ಹಳೇ ಅಕ್ಕಿ ಗಿರಣಿಯ ಜಗಲಿಯಿಂದ ಅಂಗಳಕ್ಕೆ ಇಳಿಸುತ್ತಿದ್ದರು. ಅದನ್ನು ಮಾಡಿದ ತಿಮ್ಮಣ್ಣನ ಹೆಣ ಇನ್ನೂ ಆಂಬುಲೆನ್ಸಿನಲ್ಲೇ ಇತ್ತು. ಮಲಗಿಸಲು ಜಾಗ ಬೇಕಲ್ಲ, ಜಗಲಿಯ ತುಂಬ ಅವನ ಕೆಲಸಗಳೇ ನಿಂತಿದ್ದವು. ಆಕೃತಿ ಕೈಜಾರಿ ಮೆಟ್ಟಿಲಿಗೆ ಬಡಿದು, ಖಾಲಿ ಹಂಡೆ ಉರುಳಿದ ಹಾಗೆ ಸದ್ದು ಮಾಡಿತು. ಯಾರೋ ನಕ್ಕರು. ನಕ್ಕವರು ಗೋದಾವರಿಯ ಮುಖ ನೋಡಿ ಬಾಯಿಗೆ ಟವೆಲು ಒತ್ತಿಕೊಂಡರು.

ಗೋದಾವರಿಗೆ ಏನೂ ಅನ್ನಿಸಲಿಲ್ಲ. ಮೂವತ್ತು ವರ್ಷ ತಿಮ್ಮಣ್ಣನ ಹೆಂಡತಿಯಾಗಿ ಬದುಕಿದವಳಿಗೆ ಆ ನಗು ಹೊಸದಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗ, ರೇಷನ್ ಅಂಗಡಿಯ ಸಾಲಿನಲ್ಲಿ, ಮುತ್ತಿನಕೊಪ್ಪದ ಬಸ್ಸಿನಲ್ಲಿ ಅದು ಅವಳ ಬೆನ್ನ ಹಿಂದೆಯೇ ಬರುತ್ತಿತ್ತು. ಎಷ್ಟೋ ಸಲ ಅವಳೇ ಜೊತೆಗೂಡಿ ನಕ್ಕಿದ್ದಳು.

ಹೆಣವನ್ನು ತಂದು ತೆಂಕಲು ತಲೆ ಮಾಡಿ ಮಲಗಿಸಿದರು. ಹಿಂದಿನ ಸಂಜೆ ಕೆಲಸ ಮಾಡುತ್ತಿದ್ದಲ್ಲೇ ಕುಸಿದವನು ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಿದ್ದ. ಕೊಪ್ಪದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಮಗಳು ಕಾವ್ಯ ಅಪ್ಪನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಗುರುಗಳ ಮಸಿ ಉಜ್ಜುತ್ತಿದ್ದಳು.

"ಬಿಡೇ, ಅದು ಹೋಗಲ್ಲ," ಅಂದಳು ಗೋದಾವರಿ.

"ನೀನು ಯಾವತ್ತು ಉಜ್ಜಿ ನೋಡಿದ್ದೆ?" ಎಂದು ಕಾವ್ಯ ತಲೆ ಎತ್ತದೇ ಕೇಳಿದಳು.

ಸುತ್ತ ಕೂತಿದ್ದ ಹೆಂಗಸರು ಚಾಪೆಯ ಅಂಚು ನೋಡಿದರು.

ಪಂಚಾಯ್ತಿ ಮೆಂಬರು ವಿಜಯ್ ಫೋನಿನಲ್ಲಿ ಬಿದಿರು, ಗಡಿಗೆ, ಹೂವು ಅಂತ ಹೇಳುತ್ತ ಅಂಗಳದ ಉದ್ದಕ್ಕೂ ಓಡಾಡುತ್ತಿದ್ದ. ನಡುನಡುವೆ ನಿಂತು ಬಂದವರಿಗೆ ಕತೆಯನ್ನೂ ಹೇಳುತ್ತಿದ್ದ. "ಸೊಸೈಟಿಗೆ ಐವತ್ತು ವರ್ಷ ಆದಾಗ ಒಂದು ರೈತನ ಮೂರ್ತಿ ಮಾಡಿಕೊಡು ಅಂದ್ವಿ. ಇವನು ಹಲಸಿನ ಕಂಬಕ್ಕೆ ಬಸ್ಸಿನ ಸ್ಪ್ರಿಂಗ್ ಪಾಟಾ ಹೊಡೆದು ತಂದು ನಿಲ್ಸಿದ. ಕಣ್ಣಿಲ್ಲ, ಮೂಗಿಲ್ಲ. ಒಂದು ಮೂಗಾದ್ರೂ ಇಡೋ ಮಾರಾಯ ಅಂದ್ರೆ, 'ಇಟ್ಟಿದ್ದೆ, ನಿನ್ನಪ್ಪನ ಹಂಗೆ ಕಾಣ್ತು, ಕಿತ್ತುಹಾಕ್ದೆ' ಅಂದ!"

"ಈಗೆಲ್ಲುಂಟು ಅದು?"

"ಅಲ್ಲೇ ಉಂಟು. ಪಾಟಾಕ್ಕೆ ಕೊಡೆ ತೂಗುಹಾಕ್ತಾರೆ. ಅದರಷ್ಟು ಅನುಕೂಲದ್ದು ಸೊಸೈಟೀಲಿ ಬೇರೆ ಎಂತದೂ ಇಲ್ಲ."

ಶಿವಮೊಗ್ಗದಲ್ಲಿ ಚಿತ್ರಕಲೆ ಕಲಿಸುವ ಅರ್ಪಣಾ ಎಂಬವಳು ಬೆಳಿಗ್ಗೆಯೇ ಬಸ್ಸಿಳಿದು ನಡೆದು ಬಂದಿದ್ದಳು. ಅವಳೊಬ್ಬಳೇ ಹೆಣಕ್ಕಿಂತ ಮೊದಲು ಅಂಗಳದಲ್ಲಿ ಅಡ್ಡ ಬಿದ್ದಿದ್ದ ತಾಮ್ರದ ಹತ್ತಿರ ಹೋಗಿ, ಅದಕ್ಕೆ ಬಿದ್ದ ತಗ್ಗನ್ನು ಬೆರಳಿನಿಂದ ಸವರಿದವಳು. ಆಮೇಲೆ ಗೋದಾವರಿಯ ಪಕ್ಕ ಬಂದು ಕೂತಳು.

"ಪೇಪರಿಗೆ ಒಂದು ಬರಹ ಕೊಡ್ಬೇಕು ಮೇಡಂ. ಆ ಬೀಟೆ ಮರದ ಘಟನೆ ಬರೀಲೇಬೇಕಾಗ್ತದೆ. ಅದಾಗದಿದ್ರೆ ಸರ್ ಈ ಟೊಳ್ಳು ಆಕೃತಿಗಳನ್ನ ಮಾಡ್ತಾನೇ ಇರ್ಲಿಲ್ಲ. ಒಂದು ರೀತೀಲಿ, ಹಿಡಿಸಿಕೊಟ್ಟವರು ಯಾರೋ, ಅವರಿಂದಲೇ..."

"ಅವರಿಂದಲೇ ಎಂತ?" ಎಂದು ಗೋದಾವರಿ ಕೇಳಿದ ದನಿಗೆ ಆ ಹುಡುಗಿ ಪೆನ್ನು ಮುಚ್ಚಿದಳು.

ಅಷ್ಟರಲ್ಲಿ ವಿಜಯ್ ಫೋನು ಜೇಬಿಗಿಟ್ಟು ಗೋದಾವರಿಯ ಎದುರು ಕುಕ್ಕರಗಾಲಲ್ಲಿ ಕೂತ. "ಅಕ್ಕ, ಬೆಂಕಿ ವಿಷ್ಯ ಹೆಂಗೆ?"

ಎಲ್ಲರೂ ಬೆಳಗಿನಿಂದ ಬಾಯಿಗೆ ತಾರದೇ ಇದ್ದ ಮಾತು ಅದು. ಸತ್ತವನ ಒಲೆಯಿಂದ ಗಡಿಗೆಯಲ್ಲಿ ಕೆಂಡ ತುಂಬಿಕೊಂಡು ರಕ್ತಸಂಬಂಧದವನೊಬ್ಬ ಮುಂದೆ ನಡೆಯಬೇಕು. ಒಡಹುಟ್ಟಿದವನು ಒಬ್ಬನೇ, ಅಣ್ಣ ಬೈರಪ್ಪ. ಅಪ್ಪ ಅಮ್ಮನನ್ನು ಸುಟ್ಟ ಜಾಗವೂ ಹಿಸೆಯಲ್ಲಿ ಬೈರಪ್ಪನ ಪಾಲಿಗೇ ಹೋಗಿತ್ತು. ಆದರೆ ತಿಮ್ಮಣ್ಣ ಹತ್ತೊಂಬತ್ತು ವರ್ಷದ ಹಿಂದೆ ಚೌಡಿ ಬನದಲ್ಲಿ ನಿಂತು, ಎರಡು ಮನೆಗಳ ನಡುವೆ ಬೆಂಕಿ ಇಲ್ಲ ನೀರಿಲ್ಲ ಎಂದು ಆಣೆ ಹಾಕಿದ್ದ. ಆವತ್ತಿನಿಂದ ಆ ಮನೆಯವರು ಈ ಮನೆಯಲ್ಲಿ ಒಂದು ಲೋಟ ನೀರು ಕುಡಿದದ್ದಿಲ್ಲ, ಇಲ್ಲಿಂದ ಬೀಡಿಗೆ ಕಿಡಿ ತಗೊಂಡದ್ದಿಲ್ಲ.

"ಪೇಟೆ ಸ್ಮಶಾನಕ್ಕೆ ಒಯ್ಯಿರಿ," ಅಂದಳು ಕಾವ್ಯ. "ಬೆಂಕಿ ನಾನು ಹಿಡೀತೀನಿ. ಅವರು ಯಾರೂ ಬರೋದು ಬೇಡ."

"ಹೆಣ್ಮಕ್ಕಳು ಹಿಡಿಯೋದು ಈಗ ಉಂಟಪ್ಪ, ತಪ್ಪಿಲ್ಲ," ಅಂದ ವಿಜಯ್. "ಆದ್ರೆ ದಿಕ್ಕಿಲ್ಲದವರ ಹಂಗೆ ಪೇಟೆಗೆ ಒಯ್ಯೋದು... ನೀನೆಂತ ಹೇಳ್ತಿ ಅಕ್ಕ?"

ಪೇಟೆಗೆ ಒಯ್ದರೆ ಆಯಿತು. ಮಧ್ಯಾಹ್ನದೊಳಗೆ ಎಲ್ಲ ಬೂದಿ. ತನ್ನೊಳಗಿದ್ದದ್ದೂ ಅದರ ಜೊತೆಗೇ ಬೂದಿ. ಗೋದಾವರಿ ಬಾಯಿ ತೆರೆದಳು, ಆದರೆ "ಹೂಂ" ಎನ್ನಲು ಆಗಲಿಲ್ಲ.

*

ಆ ಬೀಟೆ ಮರ ಬಿದ್ದದ್ದು ಅಣ್ಣತಮ್ಮಂದಿರ ಗಡಿಯ ಮೇಲೆ. ಗಾಳಿಗೆ ಬುಡಸಮೇತ ಕಿತ್ತು ಮಲಗಿತ್ತು. "ಮುಟ್ಬೇಡ, ಬೀಟೆ ಅದು, ಕೇಸಾಗ್ತದೆ," ಅಂತ ಬೈರಪ್ಪ ನಾಲ್ಕು ಜನರ ಎದುರು ಹೇಳಿದ. ತಿಮ್ಮಣ್ಣ ಕೇಳಲಿಲ್ಲ. ಬೇರಿನ ಗಂಟು ಬಿಟ್ಟಿದ್ದ ಆ ಬುಡವನ್ನು ಕತ್ತರಿಸಿ, ಸರಪಳಿ ಹಾಕಿ ಗಿರಣಿಗೆ ಎಳೆದು ತಂದ. ಮೂರು ವರ್ಷ ಅದರ ಎದುರು ಕೂತ.

ಮೂರು ವರ್ಷ ಗೋದಾವರಿ ಬೆಳಿಗ್ಗೆ ಎದ್ದು ಅಡುಗೆ ಮಾಡಿ, ಮಗಳ ಜಡೆ ಹೆಣೆದು, ಅಂಗನವಾಡಿಗೆ ನಡೆದು, ಸಂಜೆ ಬಂದು ಮತ್ತೆ ಒಲೆ ಹಚ್ಚುತ್ತಿದ್ದಳು. ಗಿರಣಿಯಿಂದ ಉಳಿಯ ಸದ್ದು ಬರುತ್ತಿತ್ತು. ಊಟಕ್ಕೆ ಕರೆದರೆ, "ಇರು, ಇದು ಈಗ ಮಾತಾಡ್ತಿದೆ," ಅನ್ನುತ್ತಿದ್ದ. ತನ್ನ ಜೊತೆ ಅವನು ಕೊನೆಯ ಸಲ ಮಾತಾಡಿದ್ದು ಯಾವಾಗ ಅಂತ ಅವಳು ಲೆಕ್ಕ ಹಾಕುತ್ತಿದ್ದಳು. ಕಪ್ಪು ಮರಕ್ಕೆ ಅಲ್ಲಲ್ಲಿ ಕಾಯಿಸಿದ ಕಬ್ಬಿಣ ಇಳಿಸಿದ್ದ. ನೋಡಿದರೆ ಬಗ್ಗಿದ ಬೆನ್ನಿನ ಹಾಗೂ ಇತ್ತು, ಬಾಯಿ ತೆರೆದ ಗುಹೆಯ ಹಾಗೂ ಇತ್ತು. ಅದು ಏನು ಅಂತ ಅವಳು ಕೇಳಲಿಲ್ಲ. ಕೇಳಿದರೆ ಅದನ್ನು ಮನೆಯ ಒಂದು ಜನ ಅಂತ ಒಪ್ಪಿದ ಹಾಗೆ ಎಂದು ಅವಳಿಗೆ ಅನ್ನಿಸಿತ್ತು.

ಒಂದು ದಿನ ನರಸಿಂಹರಾಜಪುರದಲ್ಲಿ ಅಂಗನವಾಡಿಯವರ ಮೀಟಿಂಗು. "ಕಾವ್ಯ ನಾಲ್ಕು ಗಂಟೆ ಬಸ್ಸಿಗೆ ಮುತ್ತಿನಕೊಪ್ಪದಲ್ಲಿ ಇಳೀತದೆ. ಸೈಕಲ್ಲು ತಗೊಂಡು ಹೋಗಿ ಕರ್ಕೊಂಡು ಬನ್ನಿ," ಅಂತ ಬೆಳಿಗ್ಗೆ ಎರಡು ಸಲ ಹೇಳಿದ್ದಳು. "ಆತು ಆತು," ಅಂದಿದ್ದ. ಮೀಟಿಂಗು ಮುಗಿಸಿ ಆರೂವರೆಗೆ ಅವಳು ಬಸ್ಸಿಳಿದಾಗ, ಸ್ಟಾಪಿನ ಸಿಮೆಂಟು ಕಟ್ಟೆಯ ಮೇಲೆ ಎಂಟು ವರ್ಷದ ಕಾವ್ಯ ಬ್ಯಾಗು ಅಪ್ಪಿಕೊಂಡು ಕೂತಿತ್ತು. ಲಂಗ ಒದ್ದೆಯಾಗಿತ್ತು. ಎದ್ದರೆ ಜನ ನೋಡುತ್ತಾರೆ ಅಂತ ಮಗು ಎರಡೂವರೆ ಗಂಟೆ ಅಲ್ಲಾಡಿರಲಿಲ್ಲ. "ಅಪ್ಪಂಗೆ ಹೇಳ್ಬೇಡ," ಅಂತ ಅಷ್ಟೇ ಅಂತು.

ಮನೆಗೆ ಬಂದರೆ ತಿಮ್ಮಣ್ಣ ಮರದ ಹೊಟ್ಟೆಯೊಳಗೆ ಕೈ ತೂರಿಸಿ ಉಜ್ಜುಕಾಗದ ಹೊಡೆಯುತ್ತಿದ್ದ. "ಗಂಟೆ ಎಷ್ಟಾತು?" ಎಂದು ಕೇಳಿದ.

ಮೂರು ದಿನ ಬಿಟ್ಟು ಪೇಟೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಫಾರೆಸ್ಟ್ ಗಾರ್ಡೊಬ್ಬನ ಹತ್ತಿರ ಅವಳೇ ಹೋಗಿ ನಿಂತಳು. "ನಮ್ಮ ಗಿರಣಿ ಒಳಗೆ ಒಂದು ಬೀಟೆ ಬುಡ ಉಂಟು. ಪರ್ಮಿಟ್ಟಿಲ್ಲ. ಮರ ತಗೊಂಡು ಹೋಗಿ, ಮನುಷ್ಯನ್ನ ಬಿಡಿ."

ಅವನು ಗ್ಲಾಸು ಕೆಳಗಿಟ್ಟು, "ಆತು ಅಕ್ಕ," ಅಂದ.

ಅವರು ಎರಡನ್ನೂ ಒಯ್ದರು.

*

ಅಂಗಳದ ದಾರಿಗೆ ಅಡ್ಡ ಹಾಕಿದ್ದ ಉಣುಗೋಲಿನ ಆಚೆ ಬೈರಪ್ಪ ಬಂದು ನಿಂತಾಗ ಹತ್ತು ಗಂಟೆಯ ಬಿಸಿಲು. ಎಪ್ಪತ್ತು ದಾಟಿದ ಮುದುಕ, ಬಿಳಿ ಪಂಚೆ, ಹೆಗಲ ಮೇಲೆ ಹೊಸ ಟವೆಲು. ಹಿಂದೆ ಹೆಂಡತಿ ಪುಟ್ಟಕ್ಕ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ಇಬ್ಬರೂ ಉಣುಗೋಲು ದಾಟಲಿಲ್ಲ.

"ಬನ್ನಿ ಬೈರಣ್ಣ, ಒಳಗೆ ಬನ್ನಿ. ಸಾವಿನ ಮನೆಗೆ ಎಂತ ಕರೆಯೋದು," ಅಂದ ವಿಜಯ್.

"ಬತ್ತೀನಿ. ಮಾವಿನ ಮರ ಉರುಳಿಸಿ ಆತು, ಕಟ್ಟಿಗೆ ಒಟ್ಟಿಸಿದೀನಿ. ನನ್ನ ತಮ್ಮನ್ನ ನನ್ನಪ್ಪನ ಪಕ್ಕದಲ್ಲೇ ಸುಡೋದು, ಪೇಟೆಗೆ ಬಿಡಲ್ಲ. ಆದ್ರೆ ಮಾತು ಬಿಡಿಸ್ಬೇಕು."

"ಹಾಕ್ದವನೇ ಹೋದ. ಇನ್ನೆಂತ ಬಿಡಿಸೋದು?"

"ಅವನ ಮನೆಯವರು ಇದಾರಲ್ಲ. ಹತ್ತು ಜನರ ಎದುರು, ಹಿಡಿಸಿಕೊಟ್ಟವನು ಬೈರಪ್ಪ ಅಲ್ಲ ಅಂತ ಹೇಳ್ಲಿ. ಈ ಮನೆ ನೀರು ಕುಡೀತೀನಿ, ಈ ಮನೆ ಬೆಂಕಿ ಹಿಡೀತೀನಿ. ಹೇಳ್ದೇ ಇದ್ರೆ ನಾನು ಈ ಕೋಲು ದಾಟಲ್ಲ."

ಕಾವ್ಯ ಎದ್ದು ನಿಂತಳು. ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆ ಇನ್ನೂ ಇತ್ತು. "ಹೆಣ ಇಟ್ಕೊಂಡು ವ್ಯಾಪಾರಕ್ಕೆ ಬಂದ್ರಾ ದೊಡ್ಡಪ್ಪ?"

"ಕಾವ್ಯಾ," ಎಂದಳು ಗೋದಾವರಿ.

"ನೀನು ಸುಮ್ನಿರಮ್ಮ. ಹನ್ನೊಂದು ದಿನ ಅಪ್ಪ ಲಾಕಪ್ಪಲ್ಲಿ ಕೂತಿದ್ರು. ಆಮೇಲೆ ಅಂಥ ಒಂದು ಮರ ಮುಟ್ಟಿದ್ರಾ ಅವರು? ಬೀದೀಲಿ ಜೀಪಿನ ಸದ್ದು ಕೇಳಿದ್ರೆ ಉಳಿ ಅಡಗಿಸಿಡ್ತಿದ್ರು. ಇವರಿಗೆ ಈಗ ಹೆಸರಿನ ಚಿಂತೆ!"

"ಹೌದೇ, ಹೆಸರಿನ ಚಿಂತೆ," ಅಂದಳು ಪುಟ್ಟಕ್ಕ ಉಣುಗೋಲಿನ ಆಚೆಯಿಂದ. ಅವಳ ದನಿ ಚಿಕ್ಕದಲ್ಲ. "ನಮ್ಮನೆಗೆ ಊರಲ್ಲಿ ಎಂತ ಹೆಸರು ಗೊತ್ತುಂಟಾ ನಿಂಗೆ? ಬೀಟೆ ಬೈರಪ್ಪನ ಮನೆ. ಮಗನಿಗೆ ಹೆಣ್ಣು ಕೇಳಕ್ಕೆ ಕಿಗ್ಗದವರೆಗೆ ಹೋದ್ವಿ. ಅಲ್ಲೂ ಕಾಫಿ ಕೊಟ್ಟು ಕೇಳಿದ್ರು, 'ತಮ್ಮನ್ನ ಹಿಡಿಸಿಕೊಟ್ಟರಂತಲ್ಲ, ಅವರಾ ನೀವು?' ಅಂತ. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದ್ವಿ. ನಿನ್ನಪ್ಪಂದು ಹನ್ನೊಂದೇ ದಿನ ಕಣೇ."

"ಮಾಡಿದ್ದು ಉಣ್ತಿದೀರಿ."

"ಮಾಡಿದ್ರೆ ಉಣ್ಣಾಣ. ಮಾಡ್ದೇ ಉಂಡಿದ್ದೀವಿ."

ಬೈರಪ್ಪ ಹೆಂಡತಿಯ ತೋಳು ಮುಟ್ಟಿ ಸುಮ್ಮನಾಗಿಸಿದ. ಅವನು ನೋಡುತ್ತಿದ್ದದ್ದು ಗೋದಾವರಿಯನ್ನು. "ನೀನು ಹೇಳು ಗೋದಾವರಿ. ನೀನು ಈ ಮನೆಗೆ ಬಂದಾಗ ಸೇರು ಇಟ್ಟು ಒಳಗೆ ಕರೆದದ್ದು ನಮ್ಮವಳೇ. ನಾನು ಅಂಥವನಾ?"

"ಭಾವ ಅಲ್ಲ" ಎಂದು ಅಷ್ಟೇ ಹೇಳಿದರೆ ಸಾಲದು, ಅದು ಗೋದಾವರಿಗೆ ಗೊತ್ತಿತ್ತು. ಮರುಕ್ಷಣವೇ ಹತ್ತು ಬಾಯಿ ಕೇಳುತ್ತವೆ, ಹಾಗಾದರೆ ಯಾರು, ನಿಂಗೆ ಹೆಂಗೆ ಗೊತ್ತು ಅಂತ. ಮುದುಕನನ್ನು ಬಿಡಿಸಬೇಕಾದರೆ ಆ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಲೇಬೇಕು. ಅವಳು ಮಗಳ ಕಡೆ ನೋಡಿದಳು. ತಿಮ್ಮಣ್ಣನದೇ ಹುಬ್ಬು, ಅವನದೇ ಸಿಟ್ಟು. ಅವಳಿಗೆ ಉಳಿದದ್ದು ಇನ್ನು ಆ ಮಗಳೊಬ್ಬಳೇ.

*

ಲಾಕಪ್ಪಿನಿಂದ ಬಿಟ್ಟ ದಿನ ತಿಮ್ಮಣ್ಣ ಮನೆಗೆ ಬರುವ ಮೊದಲು ಮರ ಇಟ್ಟಿದ್ದ ಡಿಪೋಕ್ಕೆ ಹೋದ. ಗೋದಾವರಿಯೂ ಜೊತೆಗಿದ್ದಳು. ಕೇಸು ಮುಗಿದ ಮೇಲಾದರೂ ಕಾಲಿಗೆ ಬಿದ್ದು ಕೇಳಿಕೊಂಡು ವಾಪಸು ತರೋಣ ಎಂದು ಅವನ ಮನಸ್ಸಿನಲ್ಲಿತ್ತು.

ಅಲ್ಲಿ ಅದು ಇರಲಿಲ್ಲ. ಅಂಕುಡೊಂಕಿನ ಮರವನ್ನು ಅಳತೆಗೆ ತೆಗೆದುಕೊಳ್ಳಲು ಆಗುವುದಿಲ್ಲವಂತೆ. ಗರಗಸ ಹಾಕಿ ಚೌಕ ಚೌಕ ಮಾಡಿ ಒಂದರ ಮೇಲೊಂದು ಪೇರಿಸಿದ್ದರು. ಪ್ರತಿ ತುಂಡಿನ ತಲೆಗೂ ಬಿಳಿ ಬಣ್ಣದಲ್ಲಿ ನಂಬರು. ಕಿತ್ತೆಸೆದ ಕಬ್ಬಿಣದ ಪಟ್ಟಿಗಳು ಬೇಲಿಯ ಬುಡದಲ್ಲಿ ಬಿದ್ದಿದ್ದವು. ತಿಮ್ಮಣ್ಣ ಒಂದೊಂದೇ ತುಂಡನ್ನು ತಿರುಗಿಸಿ ನೋಡಿ, ಕೊನೆಗೆ ಒಂದರ ಮೂಲೆಯಲ್ಲಿ ತನ್ನ ಉಳಿಯ ಗುರುತು ಕಂಡು ಅಲ್ಲೇ ಕೂತುಬಿಟ್ಟ. "ಏ, ಆ ಸ್ಟಾಕು ಮುಟ್ಬೇಡಿ," ಅಂತ ವಾಚರು ಕೂಗಿದ.

ಮಂಗಳವಾರ ಚೌಡಿ ಬನದಲ್ಲಿ ಊರು ಸೇರಿತು. ತಿಮ್ಮಣ್ಣ ತೆಂಗಿನಕಾಯಿ ಒಡೆದು, ಅಣ್ಣನ ಮುಖ ನೋಡುತ್ತ ಹೇಳಿದ: "ನನ್ನ ಮರ ಹಿಡಿಸಿಕೊಟ್ಟ ನಾಲಿಗೆ ಯಾವ ಮನೇದೋ, ಆ ಮನೆಗೂ ನನಗೂ ಇನ್ನು ಬೆಂಕಿ ಇಲ್ಲ, ನೀರಿಲ್ಲ. ಆ ಮನೆಯ ಬಳ್ಳಿ ಒಣಗ್ಲಿ." ಗೋದಾವರಿ ಅವನ ಹಿಂದೆ, ಮಗಳ ಕೈ ಹಿಡಿದು ನಿಂತಿದ್ದಳು.

ನಾಳೆ ಹೇಳುತ್ತೇನೆ ಅಂದುಕೊಂಡಳು. ನಾಳೆ ಹೋಗಿ ನಾಡಿದ್ದಾಯಿತು. ಬೈರಪ್ಪನಿಗೆ ಹೆಸರು ಬಿದ್ದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹತ್ತೊಂಬತ್ತು ವರ್ಷ ಅವಳು ದಿನವೂ ಅವನಿಗೆ ನೀರು ಕೊಟ್ಟಳು, ದಿನವೂ ಒಲೆ ಹಚ್ಚಿದಳು. ಆಣೆ ಮುರಿಯುತ್ತಿದ್ದದ್ದು ಈ ಮನೆಯೊಳಗೇ. ಅವನು ಗಟಗಟ ನೀರು ಕುಡಿದು ಲೋಟ ಕೆಳಗಿಡುವ ಸದ್ದಿಗೆ ಪ್ರತಿ ಸಲವೂ ಅವಳ ಬೆನ್ನು ಸೆಟೆಯುತ್ತಿತ್ತು.

ಅವನು ಮತ್ತೆ ಮಾಡತೊಡಗಿದ್ದು ಟೊಳ್ಳು ಕೆಲಸಗಳನ್ನು. ಯಾವುದಾದರೂ ಕಾಡುಜಾತಿಯ ಅಗ್ಗದ ಮರವನ್ನು ತಿಂಗಳುಗಟ್ಟಲೆ ಕೆತ್ತುವನು. ಅಡಿಕೆ ಬೇಯಿಸುವ ಹಳೇ ಹಂಡೆಗಳ ತಾಮ್ರ ಬಿಚ್ಚಿ, ಆ ಮರದ ಮೈಗೆ ಹೊಂದುವಂತೆ ಬಡಿದು ಬಡಿದು ಹೊದಿಸುವನು. ಎಲ್ಲ ಮುಗಿದ ಮೇಲೆ ಒಳಗಿನ ಮರಕ್ಕೆ ಬೆಂಕಿ ಇಡುವನು. ಎರಡು ದಿನ ಹೊಗೆಯಾಡಿ ಮರ ಹೋಗಿ, ಅದರ ಆಕಾರದ ಕಪ್ಪು ತಾಮ್ರ ಉಳಿಯುತ್ತಿತ್ತು.

"ಅಷ್ಟು ಕೆತ್ತಿ ಯಾಕೆ ಸುಡೋದು?" ಎಂದು ಅವಳು ಒಮ್ಮೆ ಕೇಳಿದ್ದಳು.

"ಮುಂದಿನ ಸಲ ಹಿಡಿಯೋಕೆ ಬಂದವರಿಗೆ ಹೊಗೆ ಸಿಗ್ಲಿ ಅಂತ," ಅಂದು ಅವಳ ಮುಖವನ್ನೇ ಒಂದು ಕ್ಷಣ ನೋಡಿದ್ದ. ಅವನಿಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಅವಳು ಇನ್ನು ಯಾರನ್ನೂ ಕೇಳುವ ಹಾಗಿರಲಿಲ್ಲ.

*

"ಅಮ್ಮ ಏನು ಹೇಳ್ತಾಳೆ? ನಾನು ಹೇಳ್ತೀನಿ," ಅಂದಳು ಕಾವ್ಯ. ಬಟ್ಟೆ ಬಿಸಾಡಿ ಅಪ್ಪನ ಪಕ್ಕ ಮಂಡಿಯೂರಿದಳು. "ಅಪ್ಪನ ಮಾತು ಅಪ್ಪನ ಜೊತೆ ಹೋಗ್ಬಾರದು. ಇಲ್ಲೇ, ಇವರನ್ನ ಮುಟ್ಟಿ ಅದೇ ಮಾತು ನಾನೂ ಹಾಕ್ತೀನಿ."

ಅಂಗಳ ಒಮ್ಮೆಲೇ ಎದ್ದು ನಿಂತಿತು. ವಿಜಯ್ ಅಡ್ಡ ಬಂದ. "ಏ ಕೂಸೇ, ಬೇಡ ಬೇಡ! ದೇವರ ಮುಂದೆ ಹಾಕಿದ್ದನ್ನ ಬಿಡಿಸ್ಬೋದು. ಹೆಣ ಮುಟ್ಟಿ ಹಾಕಿದ್ದನ್ನ ಬಿಡಿಸೋಕೆ ಯಾರಿಂದ್ಲೂ ಆಗಲ್ಲ. ಸಾಯೋತನಕ ನಿನ್ನ ತಲೆ ಮೇಲೆ ಇರ್ತದೆ."

"ಇರ್ಲಿ."

"ಸುಮ್ನಿರಿ ವಿಜಯಣ್ಣ, ಹಾಕ್ಲಿ," ಅಂದಳು ಪುಟ್ಟಕ್ಕ. "ಸುಳ್ಳಿನ ಆಣೆ ಹಾಕ್ದವರಿಗೇ ತಿರುಗ್ತದೆ. ನಾವೂ ನೋಡಾಣ."

ಕಾವ್ಯ ಬಲಗೈಯನ್ನು ತಿಮ್ಮಣ್ಣನ ಎದೆಯ ಮೇಲೆ ಊರಿದಳು. "ಅಪ್ಪನ ಮರ ಹಿಡಿಸಿಕೊಟ್ಟ ನಾಲಿಗೆ ಯಾವ ಮನೇದೋ, ಆ ಮನೆಯ ಬಳ್ಳಿ..."

ಗೋದಾವರಿ ಎದ್ದದ್ದು ಯಾರಿಗೂ ಕಾಣಲಿಲ್ಲ. ಮಗಳ ಮಣಿಕಟ್ಟು ಹಿಡಿದು ಹೆಣದ ಮೇಲಿನಿಂದ ಕಿತ್ತೆಳೆದಾಗ ಕಾವ್ಯ ಪಕ್ಕಕ್ಕೆ ಬಿದ್ದಳು.

"ಹೇಳ್ಬೇಡ. ಅದು ನಿನ್ನ ಮನೇನೇ."

"ಎಂತ?"

"ಹೇಳಿದ್ದು ಭಾವ ಅಲ್ಲ. ನಾನು." ತನ್ನ ದನಿ ಅಂಗಳದ ಕೊನೆಗೆ ಮುಟ್ಟಲಿಲ್ಲ ಎಂದು ಗೊತ್ತಾಗಿ ಅವಳು ಉಣುಗೋಲಿನ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು. "ಫಾರೆಸ್ಟಿನವರಿಗೆ ಹೇಳಿದ್ದು ನಾನು. ಪೇಟೆಗೆ ಹೋಗಿ ನಾನೇ ಹೇಳಿ ಬಂದೆ."

ಬೈರಪ್ಪ ಉಣುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅರ್ಪಣಾ ಮಡಿಲಲ್ಲಿದ್ದ ಪುಸ್ತಕವನ್ನು ಬ್ಯಾಗಿಗೆ ತುರುಕಿದಳು.

ಕಾವ್ಯ ಬಿದ್ದಲ್ಲಿಂದ ಏಳದೇ ಕೇಳಿದಳು. "ಯಾಕೆ?"

ಗೋದಾವರಿಗೆ ಸಿಮೆಂಟು ಕಟ್ಟೆ ಕಂಡಿತು. ಬ್ಯಾಗು, ಒದ್ದೆ ಲಂಗ, ಅಪ್ಪಂಗೆ ಹೇಳ್ಬೇಡ ಅಂದ ಮುಖ. ಹೇಳಿದರೆ ಅರ್ಧ ಅಂಗಳ ಅವಳ ಕಡೆ ಬರುತ್ತಿತ್ತು. ತಾಯಂದಿರು ಲೊಚಗುಟ್ಟುತ್ತಿದ್ದರು. ಆದರೆ ಈ ಹುಡುಗಿ ಉಳಿದ ಜನ್ಮವೆಲ್ಲ, ನನ್ನಿಂದ ಅಪ್ಪ ಲಾಕಪ್ಪಿಗೆ ಹೋದ ಎಂದು ಹೊತ್ತುಕೊಂಡು ತಿರುಗುತ್ತಿದ್ದಳು.

"ಹೊಟ್ಟೆಉರಿ," ಅಂದಳು ಗೋದಾವರಿ. "ಆ ಮರ ಕಂಡ್ರೆ ನಂಗೆ ಆಗ್ತಿರ್ಲಿಲ್ಲ."

"ಅಷ್ಟೇ?"

"ಅಷ್ಟೇ."

ಕಾವ್ಯ ಅವಳನ್ನು ನೋಡಿದ ರೀತಿಗೆ ಸಿಟ್ಟು ಅಂತ ಹೆಸರು ಕೊಡಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರನ್ನು ನೋಡಿ, ಇನ್ನೂ ಸ್ವಲ್ಪ ಆಚೆ ಸರಿಯುತ್ತಾರಲ್ಲ, ಹಾಗೆ ನೋಡಿ ಸರಿದಳು.

"ಮಾತು ಬಿಟ್ಟ ಹಂಗಾತು," ಅಂದ ವಿಜಯ್ ಕೊನೆಗೆ. ದನಿಯಲ್ಲಿ ಬೆಳಗಿನ ಹುರುಪು ಇರಲಿಲ್ಲ. "ನೀರು, ಬೆಂಕಿ ತರ್ಬೇಕಲ್ಲ ಯಾರಾದ್ರೂ. ಮನೆಯವರೇ ತರ್ಬೇಕು."

ಗೋದಾವರಿ ಒಳಗೆ ಹೋದಳು. ಒಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಈಗ ಗ್ಯಾಸು. ತೆಂಗಿನ ಚಿಪ್ಪುಗಳನ್ನು ಒಂದೊಂದಾಗಿ ಬರ್ನರಿನ ಮೇಲೆ ಇಟ್ಟು, ಕೆಂಪಾದ ಮೇಲೆ ಇಕ್ಕಳದಿಂದ ಗಡಿಗೆಗೆ ಹಾಕಿದಳು. ಒಂದು ಕೈಯಲ್ಲಿ ಗಡಿಗೆ, ಇನ್ನೊಂದರಲ್ಲಿ ಚೊಂಬು. ಅವಳು ಅಂಗಳಕ್ಕೆ ಇಳಿದಾಗ ಜನ ಬಿಟ್ಟ ದಾರಿ ಒಬ್ಬ ಹೆಂಗಸಿಗೆ ಬೇಕಾದ್ದಕ್ಕಿಂತ ಬಹಳ ಅಗಲವಾಗಿತ್ತು.

ಬೈರಪ್ಪ ಉಣುಗೋಲು ಸರಿಸಿ ಒಳಗೆ ಬಂದ. ಚೊಂಬು ತೆಗೆದುಕೊಂಡು, ಬಾಯಿಗೆ ಮುಟ್ಟಿಸದೆ, ತಲೆ ಎತ್ತಿ ಪೂರ್ತಿ ಕುಡಿದ. ನೀರು ಕುತ್ತಿಗೆಯ ಮೇಲೆ ಇಳಿದು ಬನಿಯನ್ ನೆನೆಯಿತು. ಅವನು ಅಳುತ್ತಿದ್ದನೋ ಏನೋ, ನೀರಿನಲ್ಲಿ ಗೊತ್ತಾಗಲಿಲ್ಲ. ಚೊಂಬನ್ನು ಅವಳ ಕೈಗೆ ಕೊಡದೆ ನೆಲಕ್ಕೆ ಇಟ್ಟ.

"ಬಾಯಿ ಬಿಟ್ಟು ಒಂದು ಮಾತು," ಅಂದ. "ಇಷ್ಟು ವರ್ಷದಲ್ಲಿ. ನನ್ನ ಹತ್ರ ಬೇಡ, ಅವನ ಹತ್ರ ಹೇಳಿದ್ರೆ ಸಾಕಿತ್ತು. ಸಾಯೋದ್ರೊಳಗೆ ಒಂದ್ಸಲ ಅಣ್ಣ ಅಂತಿದ್ದ."

ಗಡಿಗೆ ಹಿಡಿದು ಮುಂದೆ ನಡೆದ. ಚಟ್ಟ ಎದ್ದಿತು. ಗಡಿಗೆಯ ಬಿಸಿಗೆ ಮುದುಕ ಮತ್ತೆ ಮತ್ತೆ ಕೈ ಬದಲಿಸುತ್ತಿದ್ದದ್ದನ್ನು ಕಂಡು ಕಾವ್ಯ ದಾಪುಗಾಲು ಹಾಕಿ ಹೋಗಿ, ತನ್ನ ವೇಲನ್ನು ಮಡಿಸಿ ಗಡಿಗೆಯ ಅಡಿಗೆ ಕೊಟ್ಟಳು. ದೊಡ್ಡಪ್ಪನ ಮೊಣಕೈ ಹಿಡಿದುಕೊಂಡಳು. ರಸ್ತೆಯ ತಿರುವಿನವರೆಗೂ ಗೋದಾವರಿ ನೋಡಿದಳು. ಅವರಿಬ್ಬರೂ ತಿರುಗಲಿಲ್ಲ.

*

ಹೆಣ ಹೋದ ಮೇಲೆ ಮನೆ ತೊಳೆಯಬೇಕು, ಹೆಂಡತಿಯಾದವಳ ತಲೆಗೆ ಯಾರಾದರೂ ನೀರು ಹೊಯ್ಯಬೇಕು. ತನ್ನ ತಲೆಗೆ ತಾನೇ ಹೊಯ್ದುಕೊಳ್ಳುವ ಹಾಗಿಲ್ಲ. ಗೋದಾವರಿ ಬಾವಿಯಿಂದ ಎರಡು ಬಕೆಟ್ಟು ಸೇದಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟು, ಉಟ್ಟ ಸೀರೆಯಲ್ಲೇ ನೆಲಕ್ಕೆ ಕೂತಳು. ಜಡೆ ಬಿಚ್ಚಿ ಮುಂದಕ್ಕೆ ಹಾಕಿಕೊಂಡಳು.

ಹೆಂಗಸರು ಗಿರಣಿಯ ಸೂರಿನ ನೆರಳಿನಲ್ಲಿ ನಿಂತಿದ್ದರು. ಒಬ್ಬಳು ಪೊರಕೆ ಹಿಡಿದು ಗುಡಿಸಿದ್ದನ್ನೇ ಗುಡಿಸಿದಳು. ಒಬ್ಬಳು ಫೋನು ತೆಗೆದು ಗಂಟೆ ನೋಡಿದಳು. "ನೀನು ಹೋಗೇ," "ನಂಗೆ ಸೊಂಟ ನೋವು ಮಾರಾಯ್ತಿ," ಎಂದು ಪಿಸುಗುಡುವುದು ಕೇಳಿಸುತ್ತಿತ್ತು. ಬಿಸಿಲು ಕಲ್ಲಿನ ಮೇಲಿನಿಂದ ಸರಿದು ಗೋದಾವರಿಯ ಬೆನ್ನಿಗೆ ಬಂತು.

ಕೊನೆಗೆ ಹೆಜ್ಜೆಯ ಸದ್ದಾಯಿತು. ಬಗ್ಗಿದ ತಲೆಯ ಕೂದಲ ಸಂದಿಯಿಂದ ಅವಳಿಗೆ ಕಂಡದ್ದು ಪುಟ್ಟಕ್ಕನ ಕಾಲುಂಗುರದ ಬೆರಳು, ಒಡೆದ ಹಿಮ್ಮಡಿ. ಹತ್ತೊಂಬತ್ತು ವರ್ಷದ ಮೇಲೆ ಈ ಅಂಗಳಕ್ಕೆ ಬಂದ ಕಾಲುಗಳು. ಪುಟ್ಟಕ್ಕ ಬಕೆಟ್ಟಿನಿಂದ ಚೊಂಬು ತುಂಬಿದ ಸದ್ದು ಕೇಳಿತು. ಗೋದಾವರಿ ಕಣ್ಣು ಮುಚ್ಚಿ ತಲೆಯನ್ನು ಇನ್ನಷ್ಟು ತಗ್ಗಿಸಿದಳು.

ಪುಟ್ಟಕ್ಕ ನೀರನ್ನು ತನ್ನ ಕಾಲಿಗೆ ಹೊಯ್ದುಕೊಂಡಳು. ಸಾವಿನ ಮನೆಯಿಂದ ಹೊರಡುವವರು ತೊಳೆಯುವ ಹಾಗೆ, ಒಂದು ಪಾದದಿಂದ ಇನ್ನೊಂದನ್ನು ಉಜ್ಜಿ, ಮತ್ತೊಂದು ಚೊಂಬು ತುಂಬಿ ಆ ಕಾಲನ್ನೂ ತೊಳೆದಳು. ಚೊಂಬನ್ನು ಕಲ್ಲಿನ ಮೇಲೆ ಕವುಚಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ಉಣುಗೋಲಿನ ಕಡೆ ನಡೆದಳು. ಸೂರಿನ ನೆರಳಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಕೆಟ್ಟಿನ ಹತ್ತಿರ ಬಂದು, ಅದೇ ಚೊಂಬು ತೆಗೆದು, ಕಾಲು ತೊಳೆದುಕೊಂಡು ಹೋದರು.

ಗೋದಾವರಿಯ ಮೊಣಕಾಲಿನ ಸುತ್ತ ಮಣ್ಣು ಕೆಸರಾಯಿತು. ಬಗ್ಗಿಸಿದ ತಲೆಯ ಕೂದಲು ಒಣಗಿಯೇ ಇತ್ತು.